ಮಾತಿಗೆಷ್ಟು, ಉಸಿರಿಗೆಷ್ಟು

ನನ್ನ ಕಸುಬು ಮಾತಾಡುವುದು. ಹೀಗೆಂದರೆ ಯಾರೂ ನಂಬುವುದಿಲ್ಲ, ನಂಬಿದವರು ದುಡ್ಡು ಕೊಡುವುದಿಲ್ಲ. ಆದ್ದರಿಂದ ಇಲ್ಲಿ ಬರೆದಿರುವಂಥದ್ದು ನನಗೆ ಆಗಾಗ ಆಗುತ್ತಲೇ ಇರುತ್ತದೆ. ಚೆನ್ನೈನಲ್ಲಿ ತಯಾರಾಗುವ ಜಾಹೀರಾತುಗಳಿಗೆ ನಾನು ಕನ್ನಡದ ದನಿ ಕೊಡುತ್ತೇನೆ. ಮೊದಲು ತಮಿಳು, ಆಮೇಲೆ ತೆಲುಗು, ಆಮೇಲೆ ಮಲಯಾಳಂ, ಕೊನೆಗೆ ಕನ್ನಡ. ಮದುವೆಯ ಕೊನೇ ಪಂಕ್ತಿಯಲ್ಲಿ ಕೂತವರಿಗೆ ಪಾಯಸ ಸಿಗುವಷ್ಟೇ ಕನ್ನಡಕ್ಕೆ ಬಜೆಟ್ ಸಿಗುತ್ತದೆ.

ನನಗೂ ಒಂದು ರೇಟು ಇದೆ. ಕೋಡಂಬಾಕ್ಕಂನಲ್ಲಿ ಹಿಟ್ಟಿನ ಗಿರಣಿಯ ಮಹಡಿಯ ಮೇಲೆ, ಗೋಡೆಗಳಿಗೆಲ್ಲ ಕಂಬಳಿ ಹೊಡೆದ ಕೋಣೆಯಲ್ಲಿ ರೆಕಾರ್ಡಿಂಗ್ ಸ್ಟುಡಿಯೋ ನಡೆಸುವ ಎಂಜಿನಿಯರ್ ಬಹಳ ಯೋಚಿಸಿ ಗೊತ್ತುಮಾಡಿಕೊಟ್ಟದ್ದು. ತೊಂದರೆಯೆಂದರೆ ಅದನ್ನು ಬಾಯಿಬಿಟ್ಟು ಹೇಳಲು ನನ್ನಿಂದ ಆಗುವುದಿಲ್ಲ. ಪ್ರೆಶರ್ ಕುಕ್ಕರಿನ ಗುಣಗಾನವನ್ನು ಒಂದೇ ಉಸಿರಿನಲ್ಲಿ ಮಾಡಬಲ್ಲೆ. ನನ್ನ ದರ ಹೇಳುವಾಗ ಮಾತ್ರ ಗಂಟಲು ಕಟ್ಟುತ್ತದೆ. ಕೇಳಿದವರು ಅರ್ಧ ಕೊಟ್ಟು ಹೋಗುತ್ತಾರೆ.

ನಮ್ಮ ಯಜಮಾನರು ರೈಲ್ವೆಯವರು. ಟಿಕೆಟ್ ಕೌಂಟರಿನಲ್ಲಿ ಯಾರೂ ಚೌಕಾಸಿ ಮಾಡಿದ್ದನ್ನು ಅವರು ಕಂಡವರಲ್ಲ. ಹೋದ ವರ್ಷ ಅವರ ಸ್ನೇಹಿತರೊಬ್ಬರು ತಮ್ಮ ಇನ್ಶೂರೆನ್ಸ್ ಆಫೀಸಿಗೆ ರಿಸೆಪ್ಷನಿಸ್ಟ್ ಬೇಕೆಂದರು. ದೀಪಾವಳಿಯೊಳಗೆ ಒಂದಾದರೂ ಕೆಲಸ ಪೂರ್ತಿ ರೇಟಿಗೆ ಈ ಮನೆಗೆ ಬರಬೇಕು, ಇಲ್ಲದಿದ್ದರೆ ನಾನು ಹೋಗಿ ಆ ಕುರ್ಚಿಯಲ್ಲಿ ಕೂರಬೇಕು ಎಂದು ಮನೆಯಲ್ಲಿ ಮಾತಾಯಿತು. ನನಗೆ ಆ ಕುರ್ಚಿ ಖಂಡಿತ ಬೇಡವಾಗಿತ್ತು. ಆ ಕಂಬಳಿ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ನಿಂತಾಗ ನನಗಾಗುವ ಸಂತೋಷ ಬೇರೆಲ್ಲೂ ಆಗುವುದಿಲ್ಲ.

ಉಳಿದ ಟೇಕುಗಳು

ಪುರಸೈವಾಕ್ಕಂನ ಪಾತ್ರೆ ಅಂಗಡಿಯವರೊಬ್ಬರು ಬೆಂಗಳೂರಿನಲ್ಲಿ ಬ್ರಾಂಚ್ ತೆಗೆಯುವವರಿದ್ದರು. ರೇಡಿಯೋಕ್ಕೆ ಕನ್ನಡದಲ್ಲಿ ನಾಲ್ಕು ಮಾತು ಬೇಕಾಗಿತ್ತು. ಕೊಟ್ಟ ದುಡ್ಡಿಗೆ ಸರಿಯಾಗಿ ಕೆಲಸ ಆಗುತ್ತದೋ ನೋಡಬೇಕೆಂದು ತಾವೇ ಸ್ಟುಡಿಯೋಕ್ಕೆ ಬಂದು ಕೂತರು. ಅವತ್ತು ಕೆಳಗೆ ಗಿರಣಿಯಲ್ಲಿ ಮೆಣಸಿನಕಾಯಿ ಬೀಸುತ್ತಿದ್ದರು. ಮೊದಲ ಟೇಕಿನಲ್ಲಿ ಕೆಮ್ಮಿದೆ, ಎರಡನೆಯದರಲ್ಲಿ ಸೀನಿದೆ, ಮೂರನೆಯದರಲ್ಲಿ ಎರಡೂ ಆಯಿತು. ಏಳನೆಯದು ಸರಿಹೋಯಿತು.

ಅವರು ಅರ್ಧ ದುಡ್ಡು ಎಣಿಸಿಟ್ಟು, ಉಳಿದ ಆರು ಟೇಕು ಎಲ್ಲಿ ಎಂದು ಕೇಳಿದರು. ಅವೆಲ್ಲ ವೇಸ್ಟು ಎಂದು ಎಂಜಿನಿಯರ್ ಹೇಳಿದ. ಕುಕ್ಕರ್ ಕೊಂಡವರು ಮುಚ್ಚಳ ಬಿಟ್ಟು ಹೋಗುತ್ತಾರೆಯೇ ಎಂದು ಅವರು ಆರನ್ನೂ ಪೆನ್‌ಡ್ರೈವಿಗೆ ಹಾಕಿಸಿಕೊಂಡು ಹೋದರು.

ಮುಂದಿನ ತಿಂಗಳು ಅತ್ತೆ ಸ್ಟೀಲ್ ಡಬ್ಬಿ ಬೇಕೆಂದು ನನ್ನನ್ನು ಅದೇ ಅಂಗಡಿಗೆ ಕರೆದುಕೊಂಡು ಹೋದರು. ಅತ್ತೆಯ ವ್ಯಾಪಾರ ಅಲ್ಲೆಲ್ಲ ಹೆಸರುವಾಸಿ. ಅಂಗಡಿಯವನು ಎಷ್ಟೇ ಹೇಳಲಿ, ಅದರ ಅರ್ಧ ಕೇಳುತ್ತಾರೆ. ಅವನು ಆಗುವುದಿಲ್ಲವೆಂದರೆ "ವೇಂಡಾಂಪಾ" ಎಂದು ಡಬ್ಬಿಯನ್ನು ಮೆತ್ತಗೆ ಕೆಳಗಿಟ್ಟು ಹೊರಟುಬಿಡುತ್ತಾರೆ. ಬೇಡಪ್ಪ ಎಂದ ಅವರನ್ನು ಯಾರೂ ಬೀದಿಯ ತಿರುವು ದಾಟಲು ಬಿಟ್ಟಿಲ್ಲ. ಅವತ್ತು ಬಾಗಿಲಲ್ಲೇ ಸ್ಪೀಕರಿನಿಂದ ಯಾರೋ ಕನ್ನಡದಲ್ಲಿ ಪಾತ್ರೆಯ ಗುಣ ಹೇಳಿ ಭರ್ಜರಿಯಾಗಿ ಕೆಮ್ಮಿದರು.

"ಏನೇ, ಇದು ನಿನ್ನ ಕೆಮ್ಮಲ್ವಾ?" ಎಂದರು ಅತ್ತೆ.

ಅಂಗಡಿಯವರು ನನ್ನನ್ನು ಕಂಡು ಎದ್ದು ಬಂದರು. ಒಳ್ಳೇ ಟೇಕು ಹಾಕಿದರೆ ಒಬ್ಬರೂ ನಿಲ್ಲುವುದಿಲ್ಲ, ಕೆಮ್ಮಿಗೆ ಮಾತ್ರ ಎಲ್ಲರೂ ತಿರುಗಿ ನೋಡುತ್ತಾರೆ ಎಂದರು. ಆಮೇಲೆ, ಇನ್ನೊಂದು ಹತ್ತು ಕೆಮ್ಮು ಹೋಲ್‌ಸೇಲಿನಲ್ಲಿ ಎಷ್ಟಾಗುತ್ತದೆ ಎಂದು ವಿಚಾರಿಸಿದರು.

ಭಾಷಾಸೇವೆ

ನಮ್ಮ ಕಡೆಯವರೇ ನಡೆಸುವ ಒಂದು ಸಂಘದ ಕಾರ್ಯದರ್ಶಿ ಮನೆಗೆ ಬಂದು, ವಾರ್ಷಿಕೋತ್ಸವಕ್ಕೆ ಸ್ವಾಗತದ ಮಾತುಗಳನ್ನು ರೆಕಾರ್ಡ್ ಮಾಡಿಕೊಡಬೇಕೆಂದರು. ನನ್ನ ಕನ್ನಡವನ್ನು ಎರಡು ಲೋಟ ಕಾಫಿ ಮುಗಿಯುವವರೆಗೂ ಹೊಗಳಿದರು. ನಾನು ಗಂಟಲು ಸರಿಮಾಡಿಕೊಂಡು ರೇಟು ಹೇಳಲು ಹೊರಟೆ. ಅಷ್ಟರಲ್ಲಿ ಅವರು ಕೈಮುಗಿದು, ಇದೊಂದು ಕನ್ನಡದ ಸೇವೆ ಅಂದುಕೊಳ್ಳಿ ಎಂದರು.

ಸಭಾಂಗಣದವರು, ಅಡುಗೆಯವರು, ಮೈಕ್‌ಸೆಟ್ಟಿನವರು ಇವರೆಲ್ಲ ಕೂಡ ಸೇವೆಯೇನಾ ಎಂದು ಕೇಳಿದೆ.

"ಅವರಿಗೆಲ್ಲ ಪೂರ್ತಿ ಅಡ್ವಾನ್ಸೇ ಕೊಟ್ಟಾಯ್ತು. ಅವರು ತಮಿಳ್ನವರಲ್ವಾ ಮೇಡಂ, ಕನ್ನಡದ ಸೇವೆ ಮಾಡಿ ಅಂತ ಅವರ ಹತ್ರ ಹೆಂಗೆ ಕೇಳೋದು?"

ನ್ಯಾಯವಾದ ಮಾತು. ಮಾಡಿಕೊಟ್ಟೆ. ಸಮಾರಂಭದ ದಿನ ನನಗೆ ಶಾಲು ಹೊದಿಸಿದರು. ಶಾಲಿನ ಅಂಗಡಿಯವನಿಗೂ ಪೂರ್ತಿ ಕೊಟ್ಟಿದ್ದರಂತೆ. ಈಗ ಆ ಶಾಲು ಸ್ಟುಡಿಯೋದ ಗೋಡೆಯ ಮೇಲಿದೆ, ಸದ್ದನ್ನು ಚೆನ್ನಾಗಿ ಹೀರುತ್ತದೆ.

ಬರೀ ಉಸಿರು

ನೀರು ಶುದ್ಧ ಮಾಡುವ ಮೆಶಿನ್ ಕಂಪನಿಯೊಂದು ನನಗೆ ಬುಲಾವು ಕೊಟ್ಟು, ಆಮೇಲೆ ಬೇಡವೆಂದಿತು. ಈಗ ಕಂಪ್ಯೂಟರೇ ಕನ್ನಡ ಮಾತಾಡುತ್ತದೆ, ಅದು ಕಾಫಿಯನ್ನೂ ಕೇಳುವುದಿಲ್ಲ ಎಂದರು. ಸ್ವಲ್ಪ ದಿನಕ್ಕೆ ಅವರೇ ಮತ್ತೆ ಫೋನ್ ಮಾಡಿದರು. ಕಂಪ್ಯೂಟರು ಎಲ್ಲವನ್ನೂ ಸರಿಯಾಗಿ ಹೇಳುತ್ತಿತ್ತು, ಆದರೆ ಮಧ್ಯೆ ಉಸಿರು ತೆಗೆದುಕೊಳ್ಳುತ್ತಿರಲಿಲ್ಲ. ಕೇಳಿದವರಿಗೆಲ್ಲ ಉಬ್ಬಸ ಬಂದ ಹಾಗಾಗುತ್ತಿತ್ತಂತೆ. ನಾನು ಬಂದು ಬರೀ ಉಸಿರು ಕೊಟ್ಟರೆ ಸಾಕು, ಮಾತು ಬೇಡ ಎಂದರು. ಮಾತೇ ಇಲ್ಲದ ಮೇಲೆ ಪೂರ್ತಿ ರೇಟು ಕೇಳಬಾರದೆಂದೂ ಸೇರಿಸಿದರು.

ಹೋದೆ. ಮೈಕಿನ ಮುಂದೆ ನಿಂತು ಗಿಡ್ಡ ಉಸಿರು, ಉದ್ದದ ಉಸಿರು, ಬೆಲೆ ಹೇಳುವ ಮುಂಚಿನ ಉಸಿರು ಎಲ್ಲ ಕೊಟ್ಟೆ. ಎಂಜಿನಿಯರ್ ಕಣ್ಣು ಮುಚ್ಚಿ ಕೇಳಿ, ಒಂದನ್ನು ಮಾತ್ರ ಮತ್ತೆ ಮಾಡಿಸಿದ. ಅದು ಸ್ವಲ್ಪ ಮಲಯಾಳಂ ಉಸಿರಿನ ಹಾಗಿತ್ತಂತೆ.

ಕಾಲು ರೇಟು ತಂದು ದೇವರ ಮುಂದಿಟ್ಟೆ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, "ಮಾತಾಡದೆ ಸುಮ್ಮನೆ ಉಸಿರಾಡೋಕೂ ದುಡ್ಡು ಕೊಡ್ತಾರಾ? ನಾಳೆಯಿಂದ ನಿಮ್ಮ ಮಾವನ್ನೂ ಕರ್ಕೊಂಡು ಹೋಗೇ" ಎಂದರು.

ಪತ್ರಿಕೆ ಓದುತ್ತಿದ್ದ ಮಾವ ಒಂದು ಉಸಿರು ಬಿಟ್ಟರು. ನಿಜ ಹೇಳಬೇಕೆಂದರೆ ನನ್ನದಕ್ಕಿಂತ ಚೆನ್ನಾಗಿತ್ತು.

ಅತ್ತೆ ಫೋನ್ ತೆಗೆದುಕೊಂಡದ್ದು

ದೀಪಾವಳಿ ಹತ್ತಿರ ಬಂತು. ಯಜಮಾನರು ಇನ್ಶೂರೆನ್ಸ್ ಆಫೀಸಿಗೆ ಯಾವ ಬಸ್ಸು ಹೋಗುತ್ತದೆ ಎಂಬುದನ್ನು ನನಗೆ ಕೇಳಿಸುವಂತೆ ವಿಚಾರಿಸಿದರು. ನನಗೆ ನಿಜವಾಗಿಯೂ ಅಳು ಬರುವಂತಾಗಿತ್ತು.

ಆಗ ಇನ್ನೊಂದು ಕೆಲಸ ಬಂತು. ವಯಸ್ಸಾದವರಿಗೆ ಫೋನ್ ಮಾಡಿ ಮಾತ್ರೆ ನುಂಗಲು ನೆನಪಿಸುವ ಕಂಪನಿ. ಕರ್ನಾಟಕದ ಗಿರಾಕಿಗಳಿಗೆ ಕನ್ನಡದ ದನಿ ಬೇಕಾಗಿತ್ತು. ಮ್ಯಾನೇಜರ್ ತಮಿಳಿನವನು, ದರ ಮಾತಾಡಲು ಸಂಜೆ ಫೋನ್ ಮಾಡುತ್ತೇನೆಂದ. ನಾನು ಮಧ್ಯಾಹ್ನದಿಂದ ಕನ್ನಡಿಯ ಮುಂದೆ ನನ್ನ ರೇಟು ಹೇಳಿ ಅಭ್ಯಾಸ ಮಾಡಿದೆ. ಕನ್ನಡಿಯಲ್ಲಿದ್ದವಳು ಕೂಡ ಅದು ಜಾಸ್ತಿಯೆನ್ನುವಂತೆ ನೋಡಿದಳು. ಅತ್ತೆಗೆ ನನ್ನನ್ನು ನೋಡಿ ಪಾಪ ಅನ್ನಿಸಿತು.

"ನೀನು ಸುಮ್ನೆ ಕೂತ್ಕೋ. ನಾನು ಮಾತಾಡ್ತೀನಿ. ಇಷ್ಟು ವರ್ಷ ಪುರಸೈವಾಕ್ಕಂನಲ್ಲಿ ನಾನೇನು ಸುಮ್ನೆ ತಿರುಗ್ತಿದ್ನಾ?"

ಫೋನ್ ಬಂತು. ಅತ್ತೆ ಸ್ಪೀಕರ್ ಹಾಕಿ ಮುಂದಿಟ್ಟುಕೊಂಡರು. ಆ ಮ್ಯಾನೇಜರ್ ಒಳ್ಳೆಯ ಮನುಷ್ಯ. ನಾವು ಕೇಳುವ ಮೊದಲೇ, ಕಂಪನಿ ಇಷ್ಟು ಕೊಡುತ್ತದೆ ಎಂದು ಒಂದು ಮೊತ್ತ ಹೇಳಿದ. ಅದು ಸರಿಯಾಗಿ ನನ್ನ ಪೂರ್ತಿ ರೇಟು. ನಾನು ಕೂತಲ್ಲಿಂದ ಎದ್ದುಬಿಟ್ಟೆ.

ಅತ್ತೆಗೆ ಮೊತ್ತವೊಂದು ಕಿವಿಗೆ ಬಿದ್ದದ್ದೇ ಸಾಕಾಯಿತು.

"ಅಷ್ಟೆಲ್ಲ ಆಗಲ್ಲಪ್ಪ. ಅರ್ಧಕ್ಕಾದ್ರೆ ಹೇಳು" ಎಂದು ತಮಿಳಿನಲ್ಲಿ ಖಡಾಖಂಡಿತವಾಗಿ ಹೇಳಿದರು.

ನಾನು ಎರಡೂ ಕೈ ಆಡಿಸಿದೆ. ಅತ್ತೆ ನನಗೆ ಸುಮ್ಮನಿರುವಂತೆ ಸನ್ನೆ ಮಾಡಿದರು. ಅಮ್ಮಾ, ನಾವು ಹೇಳಿದ್ದೇ ಇರಲಿ ಎಂದು ಅವನು ಅಳುಕುತ್ತ ಶುರುಮಾಡಿದ.

"ವೇಂಡಾಂಪಾ" ಎಂದು ಅತ್ತೆ ಫೋನನ್ನು ಡಬ್ಬಿಯ ಹಾಗೆ ಮೆತ್ತಗೆ ಕೆಳಗಿಟ್ಟರು. "ಈಗ ನೋಡು, ತಾನಾಗಿ ಕರೀತಾನೆ."

ಕರೆದ. ಸರಿಮ್ಮಾ, ನೀವು ಹೇಳಿದ ಹಾಗೇ ಆಗಲಿ ಎಂದ. ಅತ್ತೆ ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು. ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಯಾವ ಡಬ್ಬಿಗೂ ಕಂಡಿರಲಿಲ್ಲ.

"ಅರ್ಧಕ್ಕೆ ಇಳಿಸಿದೆ."

ಅವರಿಗೆ ವಿಷಯ ತಿಳಿಸಿ ಹೇಳಲು ನಮಗೆ ಊಟದ ಹೊತ್ತಾಯಿತು. ಜೀವಮಾನವೆಲ್ಲ ಕೊಳ್ಳುವ ಕಡೆಯೇ ನಿಂತವರು, ಮಾರುವ ಕಡೆಗೂ ಒಂದು ಚೌಕಾಸಿ ಇರುತ್ತದೆಂದು ಅವರಿಗೆ ಹೊಳೆದೇ ಇರಲಿಲ್ಲ. ತಿಳಿದ ಮೇಲೆ ಅವರು ಸಾರನ್ನು ಎರಡನೇ ಸಲ ಬಡಿಸಿಕೊಳ್ಳಲಿಲ್ಲ.

ಅರ್ಧ ರೇಟಿಗೆ ರೆಕಾರ್ಡ್ ಮಾಡಿಕೊಟ್ಟೆ. ಹಬ್ಬಕ್ಕೆ ಮುಂಚೆ ಅದೇ ಮ್ಯಾನೇಜರ್ ಮತ್ತೆ ಫೋನ್ ಮಾಡಿದ. ನನ್ನ ದನಿ ಬಹಳ ಇಂಪಾಗಿದೆಯಂತೆ, ಅಜ್ಜಂದಿರು ಪೂರ್ತಿ ಕೇಳಿ, ಥ್ಯಾಂಕ್ಸ್ ಹೇಳಿ, ಮಾತ್ರೆ ನುಂಗದೆ ಮಲಗುತ್ತಾರಂತೆ. ಅವತ್ತು ಫೋನಿನಲ್ಲಿ ಮಾತಾಡಿದ ಅಮ್ಮ ಸಿಗಬಹುದೇ ಎಂದು ಕೇಳಿದ. ಅವರು "ವೇಂಡಾಂಪಾ" ಎಂದದ್ದಕ್ಕೆ ತಾನು ಆಫೀಸಿನಲ್ಲಿ ಎದ್ದು ನಿಂತಿದ್ದೆನೆಂದ. ಕನ್ನಡದಲ್ಲೂ ಅವರು ಹಾಗೇ ಮಾತಾಡಬಲ್ಲರೇ ಎಂದ.

"ಕನ್ನಡದಲ್ಲಿ ಇನ್ನೂ ಜಾಸ್ತಿ" ಎಂದೆ.

ರೇಟು ಎಷ್ಟು ಎಂದು ಕೇಳಿದ. ಅತ್ತೆ ಫೋನಿಗೆ ಕೈಚಾಚಿದರು. ನಾನು ಫೋನನ್ನು ಬಾಲ್ಕನಿಗೆ ಎತ್ತಿಕೊಂಡು ಹೋಗಿ, ಪೂರ್ತಿ ರೇಟನ್ನು ಸ್ಪಷ್ಟವಾಗಿ, ಕುಕ್ಕರಿನ ಬೆಲೆ ಹೇಳುವ ದನಿಯಲ್ಲಿ ಹೇಳಿದೆ. ನನ್ನದಲ್ಲದ ದರವಾದ್ದರಿಂದ ಗಂಟಲು ಸ್ವಲ್ಪವೂ ಕಟ್ಟಲಿಲ್ಲ. ಅವನು ತಕ್ಷಣ ಒಪ್ಪಿದ.

ಸ್ಟುಡಿಯೋದಲ್ಲಿ ಅತ್ತೆ ಕಾಗದ ನೋಡಲೇ ಇಲ್ಲ. ಎದುರಿಗೆ ಮಾವ ಇದ್ದಾರೆಂದುಕೊಳ್ಳಿ ಎಂದೆ, ಅಷ್ಟೇ. ಒಂದೇ ಟೇಕಿಗೆ ಮುಗಿಯಿತು. ಮನೆಯಲ್ಲಿ ಅದನ್ನು ಹಾಕಿ ಕೇಳಿಸಿದಾಗ, ಆಗಲೇ ಮಾತ್ರೆ ನುಂಗಿದ್ದ ಮಾವ ಇನ್ನೊಂದು ತೆಗೆದುಕೊಳ್ಳಲು ಎದ್ದರು. ಕೈಹಿಡಿದು ಕೂರಿಸಬೇಕಾಯಿತು.

ಪೂರ್ತಿ ರೇಟಾ ಎಂದು ಯಜಮಾನರು ಕೇಳಿದರು. ಪೂರ್ತಿ ಎಂದೆ. ಯಾರಿಗೆ ಎಂದರು. "ಈ ಮನೆಗೆ" ಎಂದೆ. ಅವರು ನಮ್ಮ ಮಾತುಕತೆಯನ್ನು ನೆನಪಿಸಿಕೊಂಡು, ರೂಲ್ಸ್ ಪ್ರಕಾರ ಸರಿಯಾಗಿದೆ ಎಂದು ಒಪ್ಪಿ, ಇನ್ಶೂರೆನ್ಸ್ ಸ್ನೇಹಿತರಿಗೆ ಫೋನ್ ಮಾಡಿ ಬೇರೆಯವರನ್ನು ನೋಡಿಕೊಳ್ಳಲು ಹೇಳಿದರು. ನನಗಾದ ಸಂತೋಷಕ್ಕೆ ಮಿತಿಯಿರಲಿಲ್ಲ.

ಅದೇ ಧೈರ್ಯದಲ್ಲಿ ಅತ್ತೆಯ ಹತ್ತಿರ ಹೋಗಿ, ಈ ಕೆಲಸ ಗೊತ್ತುಮಾಡಿಕೊಟ್ಟವಳು ನಾನಾದ್ದರಿಂದ ನನಗೆ ಹತ್ತು ಪರ್ಸೆಂಟ್ ಕಮಿಷನ್ ಬರಬೇಕು ಎಂದು ಕೈಚಾಚಿದೆ. ಜೀವನದಲ್ಲಿ ಮೊದಲ ಸಲ ನನ್ನದೇ ದರವನ್ನು ತಡವರಿಸದೆ ಹೇಳಿದ್ದೆ.

"ಐದು" ಎಂದರು ಅತ್ತೆ.

ಅದಾಗುವುದಿಲ್ಲ ಎಂದೆ.

"ವೇಂಡಾಂಮಾ" ಎಂದು ಅತ್ತೆ ನನ್ನ ಕೈಯನ್ನು ಮೆತ್ತಗೆ ಕೆಳಗಿಟ್ಟು, ಎದ್ದು ಅಡುಗೆಮನೆಯ ಕಡೆ ಹೊರಟರು.

ಹೊಸಲು ದಾಟುವುದರೊಳಗೆ ನಾನೇ ಕರೆದೆ.