ಪಂಚರ್ ಅಂಗಡಿಯವನ ಮುಳ್ಳಿಲ್ಲದ ದಾರಿ

ನಾಕು ಮಂದಿ ಕೂಡಿ ಒಂದು ಮಂಡಳ ಕಟ್ಟಿದ್ರ ಫಜೀತಿ ಹುಡುಕ್ಕೊಂಡು ಹೋಗೂ ಕೆಲಸ ಇಲ್ಲ, ಅದ ಸೈಕಲ್ ಹತ್ತಿ ನಿಮ್ಮ ಬಾಗಿಲಿಗೆ ಬಂದು ಗಂಟಿ ಬಾರಿಸ್ತೈತಿ. ನಾ ಹತ್ತು ಹನ್ನೆರಡು ವರ್ಷ ಒಂದು ಸೈಕಲ್ ಮಂಡಳದ ಅಧ್ಯಕ್ಷ ಇದ್ದೆ. ಅಷ್ಟೂ ವರ್ಷ ಆ ಗಂಟಿ ನಿಂತಿದ್ದ ಇಲ್ಲ.

ನಮ್ಮದು ಗಡಿ ಆಚೆ, ಮರಾಠಿ ಸರಕಾರದ ಸೀಮ್ಯಾಗ, ಉಟಗಿ ಕಡಿ ಒಂದು ಸಣ್ಣ ವಸ್ತಿ. ವಸ್ತಿಗೂ ಎಸ್.ಟಿ. ಬಸ್ಸು ನಿಲ್ಲೂ ಡಾಂಬರ್ ಸಡಕಿಗೂ ನಡುವ ಒಂದು ಮಡ್ಡಿ. ಮಡ್ಡಿ ಅಂದ್ರ ಬರೇ ಕಲ್ಲು, ಜಾಲಿ ಗಿಡ, ಬಿಸಲು. ಸರಕಾರಿ ಚಕ್ಕಡಿ ದಾರಿ ಹಿಡದು ಸುತ್ತು ಹಾಕಿದ್ರ ಅರ್ಧ ದಿನ ಹೋಗ್ತಿತ್ತು. ಮಡ್ಡಿ ಮ್ಯಾಲ ಅಡ್ಡ ಹಾದು ಹೋದ್ರ ಎರಡು ಬೀಡಿ ಸೇದೂದ್ರಾಗ ಸಡಕು. ಒಂದ್ಸಲ ನಮ್ಮ ತಂಗಿ ಕೂಸಿಗೆ ತಾಪ ಬಂತು. ಚಕ್ಕಡಿ ಸುತ್ತು ಹಾಕೂದ್ರಾಗ ಬಸ್ಸು ಹೋತು, ದವಾಖಾನಿ ಮುಟ್ಟಿದ್ದು ಮರುದಿನ. ಕೂಸು ಉಳೀತು, ಖರೆ ಆ ರಾತ್ರಿ ನಾ ಮರತಿಲ್ಲ. ಮಡ್ಡಿ ಮ್ಯಾಲ ಸೈಕಲ್ ಓಡೂವಂಥ ದಾರಿ ಮಾಡಬೇಕು, ಮಾಡಿ ಹನ್ನೆರಡು ತಿಂಗಳೂ ಕಾಯಬೇಕು ಅಂತ ಏಳು ಮಂದಿ ಗೆಳ್ಯಾರು ಕೂಡಿದ್ವಿ. ಏಳು ಮಂದಿಗೆ ಸೈಕಲ್ ಐದು. ಸೋಮವಾರ ನಮ್ಮ ಕಡಿ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡಂಗಿಲ್ಲ. ಎತ್ತಿಗೆ ಸೂಟಿ, ನಮಗ ಕೆಲಸ.

ಒಂದ ತೊಡಕು. ಬ್ಯಾರೆ ಯಾರರ ಅಧ್ಯಕ್ಷ ಆಗಿದ್ರ ಮಂದಿ ಶಾಬಾಸ್ ಅಂತಿದ್ರು. ನನ್ನ ಧಂದೆ ಏನು? ಬೇವಿನ ಗಿಡದ ಕೆಳಗ ಪಂಚರ್ ಅಂಗಡಿ!

ತುಂಬಿದ ಬುಟ್ಟಿ

ಮಡ್ಡಿ ನಟ್ಟನಡುವ ಒಬ್ಬಾಕಿ ಆಯಿಯ ಹೊಲ ಇತ್ತು. ಗಂಡ ಸತ್ತು ಭಾಳ ವರ್ಷ ಆಗಿತ್ತು. ಇಬ್ಬರು ಮಕ್ಕಳು, ಒಂದು ಹಿಂಡು ಕುರಿ. ಮಕ್ಕಳಿಗಿಂತ ಕುರಿ ಹೇಳಿದ ಮಾತು ಕೇಳ್ತಾವ ಅಂತ ಆಕಿನ ಹೇಳ್ತಿದ್ದಳು. ಆಕಿ ಹೊಲದ ಬದುವಿನ ಮ್ಯಾಲ ಹಾಯದ ದಾರಿ ಇಲ್ಲ. ಹೋಗಿ ಕೈ ಮುಗದು ಕೇಳಿದೆ.

ಆಯಿ ನನ್ನ ಮ್ಯಾಲಿಂದ ಕೆಳಗ ನೋಡಿದಳು. "ತಮ್ಮಾ, ದಾರಿಯಾಗ ಮುಳ್ಳು ಇಲ್ಲಂದ್ರ ನೀ ಏನ್ ತಿಂತಿ?"

"ಏನರ ತಿಂತೀನಿ ಆಯಿ. ದಾರಿ ಕೊಡು."

"ಬೆಕ್ಕು ಬಂದು ಹಾಲು ಕಾಯ್ತೀನಿ ಅಂದಂಗಾತು. ಇರಲಿ, ಹಾಯ್ರಿ. ಖರೆ ಒಂದ ಮಾತು. ನಿನ್ನ ದಾರಿ ಸಲುವಾಗಿ ನನ್ನ ಕುರಿಗೆ ಒಂದು ಮುಳ್ಳು ನಟ್ರೂ, ಒಂದು ಪೆಟ್ಟು ಹತ್ತಿದ್ರೂ, ಅವತ್ತ ಜಾಲಿ ಕಂಟಿ ಬಡದು ಬಂದ್ ಮಾಡ್ತೀನಿ."

ಆತು ಅಂದೆ. ಮೊದಲನೇ ಸೋಮವಾರ ಎಲ್ಲಾರಿಗಿಂತ ಮೊದಲ ಹೋಗಿ, ಬಗ್ಗಿ ಬಗ್ಗಿ ಒಂದು ಬುಟ್ಟಿ ಜಾಲಿ ಮುಳ್ಳು ಆರಿಸಿದೆ. ನಡ ನೆಟ್ಟಗ ಮಾಡಿ ನೋಡ್ತೀನಿ, ಎದುರಿಗೆ ಆಯಿ!

"ಮುಳ್ಳು ಬಿತ್ತಾಕ ಬಂದೀಯೇನ?"

"ಇಲ್ಲ ಆಯಿ, ಆರಿಸಾಕತ್ತೀನಿ."

"ಆರಿಸಾಕ ಬಂದಾವರ ಬುಟ್ಟಿ ಖಾಲಿ ಇರ್ತೈತಿ. ನಿಂದು ತುಂಬೈತಿ!"

ಅಷ್ಟರಾಗ ಉಳಿದಾವರು ಬಂದು ಆಣಿ ಪ್ರಮಾಣ ಮಾಡಿದ್ರು. ಕಡೀಕ ಒಂದು ತೀರ್ಮಾನ ಆತು. ಪಂಚರ್‌ನವ ಮುಳ್ಳು ಮುಟ್ಟಂಗಿಲ್ಲ. ಉಳಿದ ಆರು ಮಂದಿ ಆರಿಸಬೇಕು, ಇವ ಬೆನ್ನ ಹಿಂದ ಕೈ ಕಟಗೊಂಡು ಬರೇ ಅಡ್ಡಾಡಬೇಕು. ಮುಂದಿನ ಸೋಮವಾರದಿಂದ ಹಂಗ ಶುರು ಆತು. ಆರು ಮಂದಿ ಬಗ್ಗಿ ಬೆವರು ಸುರಿಸೂದು, ನಾ ಕೈ ಕಟಗೊಂಡು ಅಡ್ಡಾಡೂದು. ವಸ್ತಿಯ ಹಿರ್ಯಾರೊಬ್ಬರು ನೋಡಿ ಅಂದ್ರು: "ಈ ಮಂಡಳ ಭಾಳ ಮುಂದ ಬರ್ತೈತಿ ನೋಡ್ರಿ. ಅಧ್ಯಕ್ಷ ಆಗಲೇ ಕೆಲಸ ಬಿಟ್ಟಾನ."

ಬೀಗರ ಕಂಬಳಿ

ಜಾಲಿ ಮುಳ್ಳು ಉದ್ದ, ಕಣ್ಣಿಗೆ ಕಾಣ್ತೈತಿ. ನೆಗ್ಗಿನ ಮುಳ್ಳು ಹಂಗಲ್ಲ. ಕಡಲಿ ಕಾಳಿನಷ್ಟು ದಪ್ಪ, ಹ್ಯಾಂಗ ಒಗದ್ರೂ ಒಂದು ಮೊನಿ ಮ್ಯಾಲ. ಮಳಿಗಾಲದಾಗ ಬಳ್ಳಿ ಹಬ್ಬಿ ಹಳದಿ ಹೂವು ಬಿಡ್ತೈತಿ. ಚಂದ ಐತಿ ಅಂತ ನೋಡ್ಕೋತ ನಿಂತ್ರ ಮಳಿ ಹೋದ ಮ್ಯಾಲ ಟ್ಯೂಬು ಜರಡಿ ಆಗ್ತೈತಿ. ಕೈಲೆ ಆರಿಸಾಕ ಆಗಂಗಿಲ್ಲ, ಕಸಬರಿಗೆ ಬಗ್ಗಂಗಿಲ್ಲ.

ನಮ್ಮ ಮಂಡಳದ ಚಿಟಣೀಸ, ಅಂದ್ರ ಅರ್ಜಿ ಬರಿಯಾವ, ಒಬ್ಬ ಸಿಂಪಿಗ. ಅಂಗಿ ಹೊಲಿಯೂದ್ರಾಗ ತೋಳು ಗಿಡ್ಡ ಮಾಡ್ತಿದ್ದ, ಖರೆ ತಲಿ ಚಲೋ ಇತ್ತು. "ಹಳೀ ಕಂಬಳಿ ಹಾಸಿ ಮ್ಯಾಲ ಕಲ್ಲು ಇಟ್ಟು ಎಳೀರಿ. ಉಣ್ಣಿಗೆ ಮುಳ್ಳು ತಾನ ಕಚ್ಚತೈತಿ" ಅಂದ. ಎಳದು ನೋಡಿದ್ವಿ. ಯಪ್ಪಾ, ದಾರಿ ಕನ್ನಡಿ ಆತು! ಅವತ್ತಿನಿಂದ ಸುಗ್ಗಿ ಮುಗಿಯೂತನ ಸೋಮವಾರಕ್ಕೊಮ್ಮೆ ಕಂಬಳಿ ಎಳಿಯೂ ಪದ್ಧತಿ ಬಿತ್ತು.

ಒಂದು ಸೋಮವಾರ ಸಿಂಪಿಗ ತಡ ಮಾಡಿ ಎದ್ದ. ಅವಸರದಾಗ ಬೇಲಿ ಮ್ಯಾಲಿಂದ ಕಂಬಳಿ ಕಿತಗೊಂಡು ಬಂದ. ಮಡ್ಡಿ ಈ ತುದಿಯಿಂದ ಆ ತುದಿತನಕ ಎರಡು ಸಲ ಎಳದ್ವಿ. ಆಮ್ಯಾಲ ಅವ ಅದನ್ನ ತಿರುವಿ ನೋಡಿ ಬಿಳಿಚಿದ. "ಕೆಟ್ಟೆ! ಇದು ನಮ್ಮದಲ್ಲ, ಬೀಗರದು. ನಿನ್ನೆ ಒಗದು ಒಣಾಕ ಹಾಕಿದ್ರು!"

ಬೀಗರು ಅಂದ್ರ ಸಿಂಪಿಗನ ಮಗಳ ಮಾವ, ಶೇಗಾಂವದಾವರು, ಸಿಟ್ಟಿನ ಮನಿಷ್ಯಾರು. ಆರು ಮಂದಿ ಕುಂತು ಮುಳ್ಳು ಕಿತ್ತಿದ್ರು. ನಾ ಕೈ ಕಟಗೊಂಡು "ಅಲ್ಲೊಂದೈತಿ, ಇಲ್ಲೊಂದೈತಿ" ಅಂತ ಹೇಳಿದೆ. ಕಾಣೂವಷ್ಟು ತಗದು ಮಡಚಿ ಸಿಂಪಿಗನ ಮನ್ಯಾಗ ಇಟ್ಟು ಬಂದ್ವಿ. ಮಧ್ಯಾಹ್ನ ಊಟಕ್ಕ ಬೀಗರು ತಮ್ಮ ಕಂಬಳಿ ನಾಕು ಮಡಿಕಿ ಮಾಡಿ ಹಾಸಿ, ಗತ್ತಿಲೆ ಕುಂತ್ರು. ಕುಂತಷ್ಟ ಲಗೂನ ಎದ್ರು. ಅವರು ಒದರಿದ್ದು ಮಡ್ಡಿ ಮ್ಯಾಲ ಕುರಿ ಕಾಯಾಕತ್ತಿದ್ದ ಆಯಿಗೂ ಕೇಳಿಸ್ತು.

ಆಯಿ ಬಂದಳು. ಕಂಬಳಿ ಕೊಡವಿದಳು. ನೆಗ್ಗಿನ ಮುಳ್ಳು ಪಟಪಟ ಉದುರಿದ್ವು. ನನ್ನ ಮಾರಿ ನೋಡಿ, "ಇಷ್ಟು ಮುಳ್ಳು ನನ್ನ ಬದುವಿನಾಗಿಂದೇನೋ? ಹಂಗಾರ ಖರೇನ ಸ್ವಚ್ಛ ಮಾಡಾಕತ್ತೀರಿ" ಅಂದಳು.

ನಾ ಉಬ್ಬಿ, "ಬೇಕಾದ್ರ ಬೀಗರ ಸಾಕ್ಷಿ ಕೇಳು ಆಯಿ" ಅಂದೆ.

ಬೀಗರು ಗ್ವಾಡಿ ಹಿಡಕೊಂಡು ನಿಂತಿದ್ರು. "ಸಾಕ್ಷಿ ಹೇಳ್ತೀನಿ, ಯಾಕ ಹೇಳಬಾರದು? ಖರೆ ಕುಂತು ಹೇಳಂಗಿಲ್ಲ, ನಿಂತ ಹೇಳ್ತೀನಿ!"

ಹಾಲಿನವ ಹಾರಿದ್ದು

ಜ್ವಾಳದ ಕಣಕಿ ಹೇರಿದ ಚಕ್ಕಡಿ ಹಾಯೂ ದಿನದಾಗ ಉದುರಿದ ಕೂಳಿ, ಅಂದ್ರ ದಂಟಿನ ಚೂಪು ತುಂಡು, ಬಳಿಯೂದು, ಬ್ಯಾಸಗ್ಯಾಗ ಕುರಿಗೆ ಕಾಯಿ ಉದುರಿಸಾಕ ಕಡದ ಜಾಲಿ ಟೊಂಗಿ ಎತ್ತೂದು, ಮಳ್ಯಾಗ ಕೊಚ್ಚಿದಲ್ಲಿ ಗರಸು ತುಂಬೂದು. ಹಿಂಗ ವರ್ಷಾನುಗಟ್ಟಲೆ ಮಾಡಿ ಮಡ್ಡಿ ಇಳಿಜಾರು ಎಷ್ಟು ನುಣ್ಣಗ ಮಾಡಿದ್ವಿ ಅಂದ್ರ, ಲಿಂಬಿಕಾಯಿ ಬಿಟ್ರ ಸಡಕಿಗೆ ಹೋಗಿ ನಿಲ್ಲತಿತ್ತು. ಊರೂರು ಮಂದಿ ನೋಡಾಕ ಬಂದ್ರು. ನಮ್ಮ ಎದಿ ಗೇಣು ಅಗಲ ಆತು.

ಒಂದ ಮರತಿದ್ವಿ. ನಮ್ಮ ಐದು ಸೈಕಲ್ಲಿನಾಗ ಒಂದಕ್ಕೂ ಬ್ರೇಕು ಇರಲಿಲ್ಲ. ಮೊದಲು ಕಲ್ಲು ಇದ್ದಾಗ ಕಲ್ಲ ಬ್ರೇಕು. ಇಲ್ಲಾಂದ್ರ ಹಿಂದಿನ ಗಾಲಿಗೆ ಚಪ್ಪಲಿ ಒತ್ತೂದು.

ನಮ್ಮ ಮಂಡಳದ ಹಾಲಿನವ ಮುಂಜಾನಿ ಎರಡು ಕ್ಯಾನು ಹಾಲು ಕಟಗೊಂಡು ಇಳಿಜಾರಿಗೆ ಬಿಟ್ಟ. ಅವತ್ತು ಚಪ್ಪಲಿ ಉಂಗುಟ ಹರದಿತ್ತು. ಕೆಳಗ ಆಯಿ ಕುರಿ ಅಡ್ಡ ಹಾಯಾಕತ್ತಿದ್ವು. "ಸರೀರಿ, ಸರೀರಿ" ಅಂತ ಕುರಿಗೆ ಮರ್ಯಾದಿ ಕೊಟ್ಟು ಒದರಿಕೋತ ಹೋದ. ಸೈಕಲ್ ಬದುವಿಗೆ ಬಡೀತು, ಅವ ಹಾರಿ ಹಿಂಡಿನ ನಡುವ ಬಿದ್ದ. ಹಾಲು ಸುರದು ಕರೀ ಕುರಿ ಎಲ್ಲಾ ಬಿಳಿ ಆದ್ವು. ಆಯಿಯ ನಾಯಿ ಒಂದೊಂದ ಕುರಿ ನೆಕ್ಕೋತ ಹೊಂಟಿತು.

ನಾವು ಓಡಿ ಹೋಗೂದ್ರಾಗ ಆಯಿ ಒಂದೊಂದ ಕುರಿ ಹಿಡದು ಕಾಲು, ಕೋಡು, ಬೆನ್ನು ಮುಟ್ಟಿ ನೋಡಾಕತ್ತಿದ್ದಳು. ಒಂದು ಕುರಿ ಕುಂಟಿದ್ರೂ ಇಷ್ಟು ವರ್ಷದ ದಾರಿ ಅವತ್ತಿಗೆ ಮುಗದಂಗ. ಎಲ್ಲಾ ನೋಡಿ ಮುಗಿಸಿ ಆಯಿ ಕೈ ಝಾಡಿಸಿಕೊಂಡಳು. "ಕುರಿಗೆ ಏನೂ ಆಗಿಲ್ಲ. ನಿಮ್ಮಾವಗ ಏನರ ಆಗೇತೇನು?"

"ಕೈ ಮುರದೈತಿ ಆಯಿ."

"ಅಷ್ಟೇನ? ಹಂಗಾರ ದಾರಿ ಚಾಲೂ ಇರಲಿ!"

ಮುಂದಿನ ಸೋಮವಾರ ನಾವು ಇಳಿಜಾರಿಗೆ ಹೋಗಿ, ನಾವ ಆರಿಸಿ ಒಗದ ಕಲ್ಲು ಹುಡುಕಿ ತಂದು, ಒಂದೊಂದ ಮತ್ತ ದಾರಿಯಾಗ ಹೂಳಿದ್ವಿ. ಹಾಲಿನವ ಕೊರಳಿಗೆ ಕೈ ಕಟಗೊಂಡು ಬಂದು, ಯಾವ ಕಲ್ಲು ಎಲ್ಲಿ ಇತ್ತು ಅಂತ ತೋರಿಸಿದ.

ಮನಿಯಾಕಿ ಮಾತು

ದಾರಿ ಚಲೋ ಆದಂಗ ನನ್ನ ಅಂಗಡಿ ಒಣಗಿತು. ಸಾಲಿ ಹುಡುಗರು, ಹಾಲಿನವ, ಟಪಾಲಿನವ, ಯಾರ ಗಾಲೀನೂ ಪಂಚರ್ ಆಗಂಗಿಲ್ಲ. ಮನಿಯಾಕಿ ಒಂದಿನ ರೊಟ್ಟಿ ಬಡಕೋತ ಅಂದಳು: "ಏನ್ರಿ, ಗಡಿಗಿ ಒಡೀಬ್ಯಾಡ್ರಿ ಅಂತ ಕುಂಬಾರಾವ ಮನಿ ಮನಿಗೆ ಹೋಗಿ ಹೇಳ್ತಾನೇನು?"

ಒಂದು ಮುಂಜಾನಿ ಪರಸ್ಥಳದಾವ ಒಬ್ಬ ಸೈಕಲ್ ನೂಕ್ಕೋತ ಬಂದ. ಪಂಚರ್! ಮನಿಯಾಕಿಗೆ ಹಬ್ಬ ಬಂದಂಗಾತು. "ಬರ್ರಿ ಅಣ್ಣಾ, ಕುಂದ್ರಿ" ಅಂತ ಚಹಾ ಮಾಡಿ ಕೊಟ್ಟಳು. ನಾ ಮಾತ್ರ ಮೊದಲ ಗಾಲಿ ತಿರುವಿ ಮುಳ್ಳು ಹುಡುಕಿದೆ. ನಮ್ಮ ದಾರ್ಯಾಗ ಮುಳ್ಳು ಹತ್ತಿದ್ರ ಮಾನ ಹೋದಂಗ. "ಎಲ್ಲಿ ಹತ್ತಿತ್ರಿ?" ಅಂತ ಹೆದರಿಕೋತ ಕೇಳಿದೆ.

"ಯಳವಿ ಊರು ದಾಟಿದ ಮ್ಯಾಲ್ರಿ, ಸಡಕಿನ ಮ್ಯಾಲ. ನಿಮ್ಮ ಮಡ್ಡಿ ದಾರ್ಯಾಗ ನೂಕ್ಕೊಂಡು ಬಂದೆ, ಏನ್ ದಾರಿ ಮಾಡೀರಿ ಮಾರಾಯ್ರ!"

ಆ ಮಾತಿಗೆ ನನಗ ಎಷ್ಟು ಖುಷಿ ಆತಂದ್ರ, "ರೊಕ್ಕ ಬ್ಯಾಡ್ರಿ, ನಿಮ್ಮದು ಫುಕಟ್ ಮಾಡಿಕೊಡ್ತೀನಿ" ಅಂದುಬಿಟ್ಟೆ. ಮನಿಯಾಕಿ ಒಳಗಿಂದ ಬಂದು ಅವನ ಕೈಯಾಗಿನ ಅರ್ಧ ಕಪ್ಪು ಚಹಾ ಇಸಗೊಂಡು ಹೋದಳು.

ಆಯಿ ನಡದ ಸೋಮವಾರ

ಎಪ್ಪತ್ತರ ದಶಕ ಅರ್ಧ ದಾಟಿತ್ತು. ಆಯಿಗೆ ವಯಸ್ಸಾತು. ಮಕ್ಕಳು ಹೊಲ ಪಾಲು ಮಾಡಿಕೊಳ್ಳೂ ಮಾತು ಆಡಾಕತ್ತಿದ್ರು, ಆಮ್ಯಾಲ ದಾರಿ ಬಂದ್ ಅಂತ ಬಾಯಿ ಬಿಟ್ಟ ಹೇಳ್ತಿದ್ರು. ಆಯಿ ಇರೂದ್ರಾಗ ಸರಕಾರಿ ದಫ್ತರದಾಗ ದಾರಿ ನೋಂದ ಆಗಬೇಕು. ಅದಕ್ಕ ಸಾಹೇಬರು ಬಂದು ನೋಡಬೇಕು, ಆಯಿ ಅಂಗಠಾ, ಅಂದ್ರ ಹೆಬ್ಬಟ್ಟು, ಒತ್ತಬೇಕು. ಸಿಂಪಿಗ ಮರಾಠಿಯೊಳಗ ಅರ್ಜಿ ಮ್ಯಾಲ ಅರ್ಜಿ ಬರದ. ಅಂತೂ ಒಂದು ಸೋಮವಾರ ಸಾಹೇಬರು ಜೀಪ್ ತಗೊಂಡು, ಸರಕಾರಿ ಚಕ್ಕಡಿ ದಾರೀಲೆ ಸುತ್ತು ಹಾಕಿ, ಕುಲುಕ್ಯಾಡಿಕೋತ ಬಂದ್ರು.

ಕಾಗದ ಹಾಸಿದ್ರು, ಶಾಯಿ ಡಬ್ಬಿ ತಗದ್ರು. ಆಯಿ ಕೈ ಹಿಂದಕ್ಕ ತಗೊಂಡಳು.

"ನಾ ಸತ್ತ ಮ್ಯಾಲೂ ಉಳಿಯೂ ದಾರಿ ಅಂತೀರಿ. ಹಂಗಾರ ಮೊದಲ ಬರಿಗಾಲಲೆ ಈ ತುದಿಯಿಂದ ಆ ತುದಿಗೆ ನಾ ನಡದ ನೋಡ್ತೀನಿ. ಒಂದ ಮುಳ್ಳು ನಟ್ರೂ ಅಂಗಠಾ ಇಲ್ಲ, ದಾರೀನೂ ಇಲ್ಲ."

ನಸಿಕಿನಾಗ ಎದ್ದು ಮೂರು ಸಲ ಕಂಬಳಿ ಎಳದಿದ್ವಿ. ಆದ್ರೂ ಮುಳ್ಳು ಯಾರಪ್ಪನ ಮಾತು ಕೇಳ್ತೈತಿ? ಆಯಿ ಹೊಂಟಳು. ಹಿಂದ ಸಾಹೇಬರು, ಅವರ ಹಿಂದ ನಾವು, ನಮ್ಮ ಹಿಂದ ವಸ್ತಿಗೆ ವಸ್ತಿ. ಆಯಿ ಬೇಕಂತ ಬದು ಅಂಚಿಗೆ, ಹುಲ್ಲು ಇದ್ದಲ್ಲೆ, ಹುಡುಕಿ ಹುಡುಕಿ ಕಾಲು ಇಡ್ತಿದ್ದಳು. ಜಾಲಿ ಗಿಡದ ಕೆಳಗ ಬಂದು ಫಕ್ಕನ ನಿಂತಳು. ಬಲಗಾಲು ಎತ್ತಿದಳು.

"ಏನಾತು ಆಯಿ?" ಅಂದೆ.

"ಏನಿಲ್ಲ, ಇರಬಿ ಹತ್ತಿತ್ತು" ಅಂತ ಝಾಡಿಸಿ ಮುಂದ ನಡದಳು.

ಸಡಕು ಮುಟ್ಟಿ ಕಲ್ಲಿನ ಮ್ಯಾಲ ಕುಂತು, ಎರಡೂ ಅಂಗಾಲು ಸಾಹೇಬರಿಗೆ ತೋರಿಸಿದಳು. "ನೋಡ್ರಿ ಸಾಹೇಬ್ರ, ಎಲ್ಲ್ಯರ ನಟ್ಟೈತೇನು?" ಸಾಹೇಬರು ಚಷ್ಮಾ ಸರಿ ಮಾಡಿಕೊಂಡು, ಬಗ್ಗಿ ನೋಡಿ, "ಕಾಹೀ ನಾಹೀ", ಏನೂ ಇಲ್ಲ ಅಂದ್ರು. ಆಯಿ ಹೆಬ್ಬಟ್ಟಿಗೆ ಶಾಯಿ ಹಚ್ಚಿಕೊಂಡು ಕಾಗದದ ಮ್ಯಾಲ ಗಟ್ಟಿಯಾಗಿ ಒತ್ತಿದಳು. ಮಂದಿ ಹೋ ಅಂದ್ರು. ನಾ ಅತ್ತುಬಿಟ್ಟೆ, ಹೇಳಾಕ ನಾಚಿಕಿ ಏನು? ಅಂಥಾ ಖುಷಿ ನನಗ ಮದಿವ್ಯಾಗೂ ಆಗಿರಲಿಲ್ಲ.

ಅಷ್ಟರಾಗ ವಸ್ತಿಗೆ ಜೀಪ್ ತರಾಕ ಹೋಗಿದ್ದ ಡ್ರೈವರ್ ಓಡಿಕೋತ ಬಂದ. "ಸಾಹೇಬ್ರ, ಹಿಂದಿನ ಗಾಲಿ ಪಂಚರ್ ಆಗೈತ್ರಿ. ಸ್ಟೆಪ್ನಿ ಮೊದಲ ಹೋಗೈತಿ."

ಸಾಹೇಬರು ಮರಾಠಿಯೊಳಗ ಕೇಳಿದ್ರು, "ಇಲ್ಲಿ ಪಂಚರ್ ಯಾರು ತಗೀತಾರ?"

ನನ್ನ ಮಂಡಳದ ಆರೂ ಮಂದಿ ಒಮ್ಮೆಲೆ ನನ್ನ ಕಡಿ ಬೆರಳು ಮಾಡಿದ್ರು.

"ಓಹೋ, ಅಧ್ಯಕ್ಷರ!" ಅಂತ ಸಾಹೇಬರು ನಕ್ಕ ನಗಿ ನೋಡಿ ನನಗ ಭೂಮಿ ಬಾಯಿ ಬಿಡಬಾರದ ಅನಿಸ್ತು. ಕಾಗದ ಇನ್ನೂ ಅವರ ಕೈಯಾಗ ಇತ್ತು, ಶಾಯಿ ಹಸಿ ಇತ್ತು, ಮನಸ್ಸು ಬಂದ್ರ ಹರದು ಒಗೀಬಹುದಿತ್ತು. ಎಲ್ಲಾರೂ ಕೂಡಿ ವಸ್ತಿಗೆ ಹೋದ್ವಿ, ನಾ ಗಾಲಿ ಬಿಚ್ಚಿದೆ. ಟಾಯರಿನಾಗ ಕೈ ಹಾಕಿ ಎಳದೆ. ಕೈಯಾಗ ಬಂದದ್ದು ಎತ್ತಿನ ಕಾಲಿಗೆ ಬಡಿಯೂ ನಾಲಿನ ಮೊಳಿ! ಚಕ್ಕಡಿ ದಾರಿಯ ಮೊಳಿ. ಅದನ್ನ ಎತ್ತಿ ಹಿಡದು ಎಲ್ಲಾರಿಗೂ ತೋರಿಸಿದೆ.

ಆಯಿ ಕೋಲು ಊರಿಕೋತ ಬಂದು, ಮೊಳಿ ಇಸಗೊಂಡು, ತಿರುವಿ ನೋಡಿ, ಸಾಹೇಬರ ಕೈಯಾಗ ಇಟ್ಟಳು.

"ಸಾಹೇಬ್ರ, ಇದು ನಮ್ಮ ದಾರ್ಯಾಗಿಂದಲ್ರಿ" ಅಂದಳು. ಇಷ್ಟು ವರ್ಷ 'ನಿನ್ನ ದಾರಿ, ನಿನ್ನ ದಾರಿ' ಅಂತ ನನ್ನ ಮಾರಿಗೆ ಹೊಡದಂಗ ಹೇಳಿದಾಕಿ, ಅವತ್ತು ನಮ್ಮ ದಾರಿ ಅಂದಳು. ಆಮ್ಯಾಲ ಶಾಯಿ ಹತ್ತಿದ ಹೆಬ್ಬಟ್ಟು ಸಾಹೇಬರ ಮಾರಿ ಮುಂದ ಹಿಡದು ಅಲ್ಲಾಡಿಸಿದಳು:

"ನಮ್ಮ ದಾರಿಗೆ ಒತ್ತೀನಿ, ಆತು. ನಿಮ್ಮ ಸರಕಾರದ ದಾರಿಗೆ ಮಾತ್ರ ನನ್ನ ಅಂಗಠಾ ಕೇಳಾಕ ಬರಬ್ಯಾಡ್ರಿ!"