ಸಿಯೋಲಿನಲ್ಲಿ ನಮ್ಮವರು ಯಾರಿದ್ದಾರೆ?

ಪ್ರವಾಸ ಹೋಗುವುದು ಬೇರೆ, ನೆಂಟರ ಮನೆಗೆ ಹೋಗುವುದು ಬೇರೆ ಎಂದು ನನಗೆ ಗೊತ್ತಾದದ್ದು ಈಚೆಗೆ, ಅದೂ ಮಗಳಿಂದ ಬೈಸಿಕೊಂಡ ಮೇಲೆ. ಅಲ್ಲಿಯವರೆಗೆ ನಾನು ಎರಡನ್ನೂ ಒಂದೇ ಎಂದುಕೊಂಡಿದ್ದೆ. ನಮ್ಮ ಉಡುಪಿ ಕಡೆಯವರಿಗೆ ಒಂದು ಊರು ನೋಡಲು ಯೋಗ್ಯವೋ ಅಲ್ಲವೋ ಎಂಬುದು ತೀರ್ಮಾನವಾಗುವುದೇ ಅಲ್ಲಿ ನಮ್ಮವರು ಯಾರಾದರೂ ಇದ್ದಾರೋ ಇಲ್ಲವೋ ಎಂಬುದರ ಮೇಲೆ. ಅಬುಧಾಬಿಯನ್ನೇ ತೆಗೆದುಕೊಳ್ಳಿ. ನನ್ನ ಪಾಲಿಗೆ ಅಬುಧಾಬಿ ಎಂದರೆ ಚಿಕ್ಕಮ್ಮನ ಮಗಳು ಶೋಭಕ್ಕನ ಅಡುಗೆಮನೆ. ನಾವಿರುವ ದುಬೈಯಿಂದ ಎಷ್ಟು ಸಲ ಹೋಗಿದ್ದೇವೋ ಲೆಕ್ಕವಿಲ್ಲ. ಹೋದ ಕೂಡಲೇ ಕೋರಿ ರೊಟ್ಟಿ, ಉಂಡ ಮೇಲೆ ಒಂದು ನಿದ್ದೆ, ಎದ್ದು ಚಹಾ, ಮತ್ತೆ ಕಾರು. ಅಲ್ಲಿನ ದೊಡ್ಡ ಮಸೀದಿಯನ್ನು ನಾನು ನೋಡಿಲ್ಲವೆಂದಲ್ಲ. ನೋಡಿದ್ದೇನೆ, ಕಾರಿನ ಕಿಟಕಿಯಿಂದ, ಅವಳು ಕಟ್ಟಿಕೊಟ್ಟ ಉಪ್ಪಿನಕಾಯಿ ಬಾಟಲಿ ವಾಲದ ಹಾಗೆ ಮಡಿಲಲ್ಲಿ ಹಿಡಿದುಕೊಂಡು.

ಹನ್ನೆರಡನೇ ತರಗತಿ ಮುಗಿಯಲಿ, ನೀನು ಹೇಳಿದ ಊರಿಗೆ ಹೋಗುವ ಎಂದು ಇವರು ಯಾವುದೋ ಒಳ್ಳೆಯ ಗಳಿಗೆಯಲ್ಲಿ ಮಗಳಿಗೆ ಮಾತು ಕೊಟ್ಟಿದ್ದರು. ಇವರು ಎಂದರೆ ನನ್ನ ಗಂಡ. ಜುಮೇರಾ ಲೇಕ್ ಟವರ್ಸ್‌ನ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತಾರೆ. ವರ್ಷದ ರಜೆ ಎಂದರೆ ಮಂಗಳೂರಿನ ವಿಮಾನ ಎಂಬುದು ಅವರ ರಕ್ತದಲ್ಲೇ ಸೇರಿಹೋಗಿದೆ. ಪರೀಕ್ಷೆ ಮುಗಿದ ಸಂಜೆ ಅನ್ವಿತಾ "ಸಿಯೋಲ್" ಎಂದಳು. ಇವರು ಚಹಾದ ಲೋಟ ಕೆಳಗಿಟ್ಟು ಕೇಳಿದ ಮೊದಲನೇ ಪ್ರಶ್ನೆ, "ಅಲ್ಲಿ ಯಾರಿದ್ದಾರೆ?"

"ಒಂದು ಕೋಟಿ ಜನ ಇದ್ದಾರೆ ಪಪ್ಪಾ."

"ನಮ್ಮವರು ಯಾರು ಅಂತ ಕೇಳಿದ್ದು."

ಅವಳು ನನ್ನ ಮುಖ ನೋಡಿದಳು. ನಾನೂ ಅದೇ ಪ್ರಶ್ನೆಯನ್ನು ಬಾಯಿಯವರೆಗೆ ತಂದಿದ್ದೆನಾದ್ದರಿಂದ ಪಾತ್ರೆ ತೊಳೆಯಲು ಎದ್ದೆ.

ಅಂದಿನಿಂದ ದುಬೈಯ ಕರಾಮದ ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಸಿಯೋಲಿನ ನಕಾಶೆ ಬಿಚ್ಚಿಕೊಂಡಿತು. ಅವಳು ದಿನವೂ ಫೋನು ಹಿಡಿದು ಪಕ್ಕದಲ್ಲಿ ಕೂತು ವಿವರಿಸುತ್ತಿದ್ದಳು. ಮ್ಯೊಂಗ್‌ಡಾಂಗ್, ಇನ್ಸಾಡಾಂಗ್, ಮತ್ತೆ ಇನ್ನೊಂದು ಡಾಂಗ್. ಯಾವುದರಲ್ಲಿ ತಿನ್ನುವುದು, ಯಾವುದರಲ್ಲಿ ಉಳಿಯುವುದು, ಯಾವುದರಲ್ಲಿ ಸುಮ್ಮನೆ ನಡೆಯುವುದು ಎಂದು ನನ್ನ ತಲೆಯಲ್ಲಿ ಎಲ್ಲ ಕಲಸಿಹೋಯಿತು. ಕೊನೆಗೆ ನಾನೇ ಒಂದು ಉಪಾಯ ಮಾಡಿದೆ. ಅಂಗಡಿ, ತಿಂಡಿ, ಜನಜಂಗುಳಿ ಇರುವ ಮ್ಯೊಂಗ್‌ಡಾಂಗ್ ಅವರ ಕರಾಮ. ಬಟ್ಟೆಯ ಥಾನುಗಳೂ ತಿಂಡಿಯ ಬೆಂಚುಗಳೂ ಇರುವ ಹಳೆಯ ಕ್ವಾಂಗ್‌ಜಾಂಗ್ ಮಾರುಕಟ್ಟೆ ದುಬೈಯ ನೈಫ್ ಪೇಟೆ. ಎತ್ತರದ ಆಫೀಸುಗಳ ಗಂಗ್ನಮ್ ಇವರ ಜುಮೇರಾ ಲೇಕ್ ಟವರ್ಸ್. ಹೀಗೆ ಹೊಂದಿಸಿದ ಮೇಲೆ ನನಗೆಲ್ಲ ಸಲೀಸಾಯಿತು. ಇವರಿಗೂ ಸಲೀಸಾಯಿತು. "ಎಲ್ಲ ಇಲ್ಲೇ ಇದೆ ಅಂತಾಯಿತಲ್ಲ, ಮತ್ತೆ ಟಿಕೆಟ್ ಎಂತಕ್ಕೆ?" ಎಂದರು. ಮಗಳು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಅವಳಿಗೆ ಬೇಕಾಗಿದ್ದದ್ದು ಹಾನೊಕ್ ಎಂಬ ಹಳೆಯ ಕಾಲದ ಮರದ ಮನೆಯಲ್ಲಿ ಉಳಿಯುವುದು, ಬಿಸಿ ನೆಲದ ಮೇಲೆ ಹಾಸಿಕೊಂಡು ಮಲಗುವುದು, ಹಾನ್‌ಬೋಕ್ ಎಂಬ ಅವರ ಸಾಂಪ್ರದಾಯಿಕ ಉಡುಪು ತೊಟ್ಟು ಅರಮನೆಗೆ ಹೋಗುವುದು. ಹಾಗೆ ಉಟ್ಟು ಹೋದವರಿಗೆ ಟಿಕೆಟ್ ಇಲ್ಲವಂತೆ. ಇವರ ಮುಖ ಅರಳಿದ್ದು ಅದೊಂದು ಸಂಗತಿಗೆ. ಕಾಲೇಜು ಸೇರಿದ ಮೇಲೆ ಅವಳು ನಮ್ಮೊಂದಿಗೆ ಎಲ್ಲಿಗಾದರೂ ಬರುವುದು ಯಾವಾಗಲೋ, ಏನೋ. ಹಾಗಾಗಿ ಅವಳು ಹೇಳಿದಂತೆಯೇ ಆಗಲಿ ಎಂದು ನಾನು ಮನಸ್ಸು ಗಟ್ಟಿಮಾಡಿಕೊಂಡಿದ್ದೆ.

ಅಷ್ಟರಲ್ಲಿ ಇವರು ಊರವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ವಿಚಾರಿಸಿಬಿಟ್ಟಿದ್ದರು. ಮಧ್ಯಾಹ್ನದ ಊಟದೊಳಗೆ ಉತ್ತರ ಬಂತು. ಸಿಯೋಲಿನ ಪಕ್ಕದ ಸುವೊನ್‌ನಲ್ಲಿ ಕುಂದಾಪುರದ ಪ್ರಕಾಶ ಎಂಬವರಿದ್ದಾರೆ, ಹೆಂಡತಿ ವಿನಯಾ. ನಾವು ಅವರನ್ನು ನೋಡಿದವರಲ್ಲ, ಅವರು ನಮ್ಮ ಹೆಸರು ಕೇಳಿದವರಲ್ಲ. ಸಂಜೆಗೆ ಅವರದೇ ಫೋನು. "ಹೋಟೆಲ್ ಎಂತಕ್ಕೆ ಮಾರಾಯ್ರೆ? ನಮ್ಮ ಮನೆ ಇಲ್ವಾ? ವಿನಯಾ ಈಗಲೇ ಅಕ್ಕಿ ನೆನೆಸುವ ಅಂದಾಜಿನಲ್ಲಿದ್ದಾಳೆ." ಇವರು ಗೆದ್ದವರಂತೆ ಫೋನಿಟ್ಟು, "ಖಲಾಸ್, ಉಳಿಯುವ ತಲೆಬಿಸಿ ಮುಗಿಯಿತು" ಎಂದರು.

ಅನ್ವಿತಾ ಕೂಗಾಡಲಿಲ್ಲ. ಅಡುಗೆಮನೆಗೆ ಬಂದು, "ಅಮ್ಮಾ, ದಿಸ್ ಈಸ್ ಮೈ ಟ್ರಿಪ್. ನಾವು ಸಿಯೋಲ್‌ಗೆ ಹೋಗಿ ನೀರುದೋಸೆ ತಿಂದು ವಾಪಸ್ ಬರ್ತೇವೆ. ಯು ನೋ ಇಟ್" ಎಂದಳು. ನನಗೆ ಗೊತ್ತಿತ್ತು. ಆದರೆ ಕರೆದವರಿಗೆ ಬರುವುದಿಲ್ಲ ಎಂದು ಹೇಳುವ ವಿದ್ಯೆ ನನ್ನ ಮನೆಯಲ್ಲಿ ಯಾರೂ ಯಾರಿಗೂ ಕಲಿಸಿಲ್ಲ. ಅವಳನ್ನು ನೋಯಿಸುವುದೋ, ಕಂಡರಿಯದ ವಿನಯಾಳನ್ನು ನೋಯಿಸುವುದೋ ತಿಳಿಯದೆ ಆ ದಿನ ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಮರುದಿನ ವಿನಯಾಳಿಗೆ ಫೋನು ಮಾಡಿದೆ. "ನಿಮಗೆ ಸುಮ್ಮನೆ ತೊಂದರೆ" ಎಂದೆ. "ತೊಂದರೆ ಎಂತದ್ದು ಅಕ್ಕಾ" ಎಂದಳು. "ಅಲ್ಲ, ಮೂರು ಜನ" ಎಂದೆ. "ಮೂರು ಜನ ಎಂತ ಮಹಾ" ಎಂದಳು. ಹೀಗೆ ಇಬ್ಬರೂ ಬಾಗಿಲಲ್ಲೇ ನಿಂತು ನೀವು ಮೊದಲು, ನೀವು ಮೊದಲು ಎನ್ನುವವರ ಹಾಗೆ ಬಹಳ ಹೊತ್ತು ಮಾತಾಡಿದೆವು. ಕೊನೆಗೆ ಬೇರೇನೂ ತೋಚದೆ, "ಅರಮನೆ ನೋಡಲು ಬೆಳಿಗ್ಗೆ ಒಳ್ಳೆಯದೋ, ಸಂಜೆಯೋ?" ಎಂದು ಕೇಳಿದೆ.

ಅವಳು ಮೆಲ್ಲಗೆ, "ಅಕ್ಕಾ, ಸತ್ಯ ಹೇಳ್ತೇನೆ, ನಾನು ನೋಡಲಿಲ್ಲ. ಬಂದವರಿಗೆಲ್ಲ ಇವರು ಕಾರಲ್ಲಿ ತೋರಿಸಿಕೊಂಡು ಬರ್ತಾರೆ. ಅವರು ವಾಪಸ್ ಬರುವಾಗ ಊಟ ಆಗ್ಬೇಕಲ್ಲ" ಎಂದಳು.

ನನ್ನ ಬಾಯಿಂದ ಅದು ಹೇಗೆ ಬಂತೋ ಇವತ್ತಿಗೂ ಗೊತ್ತಿಲ್ಲ. "ಹಾಗಾದರೆ ನೀವೇ ನಮ್ಮಲ್ಲಿಗೆ ಬನ್ನಿ" ಎಂದೆ. ನಮ್ಮಲ್ಲಿಗೆ ಎಂದರೆ ಎಲ್ಲಿಗೆ? ಇನ್ನೂ ಗೊತ್ತುಮಾಡದ ಹಾನೊಕ್‌ಗೆ. ಅವಳು ಒಂದು ಸಲವೂ ತೊಂದರೆ ಎನ್ನಲಿಲ್ಲ. "ಯಾವತ್ತು ಬರ್ಬೇಕು?" ಎಂದು ಕೇಳಿದಳು.

"ಅವರ ಊರಿಗೆ ಹೋಗಿ ಅವರನ್ನೇ ನೆಂಟರಾಗಿ ಕರೆಯುವುದಾ?" ಎಂದು ಇವರು ತಲೆ ಹಿಡಿದುಕೊಂಡರು. ಅನ್ವಿತಾ ಮಾತ್ರ ನನ್ನ ಕುತ್ತಿಗೆಗೆ ಜೋತುಬಿದ್ದು, ನಿಂತಲ್ಲೇ ಒಂದು ಹಾನೊಕ್‌ನಲ್ಲಿ ಎರಡು ಕೋಣೆ ಕಾದಿರಿಸಿದಳು.

ಎಪ್ರಿಲ್‌ನಲ್ಲಿ ಹೋದೆವು. ಪ್ರಕಾಶರೂ ವಿನಯಾಳೂ ಸುವೊನ್‌ನಿಂದ ಬಂದು ನಮ್ಮೊಂದಿಗೇ ಉಳಿದರು. ಹಾನೊಕ್‌ನ ನೆಲ ಬೆಚ್ಚಗೆ, ಸುಖವಾಗಿತ್ತು. ಅಡುಗೆಮನೆ ಇಲ್ಲದ್ದರಿಂದ ನಾನೂ ವಿನಯಾಳೂ ಬೆಳಿಗ್ಗೆ ಎದ್ದು ಏನು ಮಾಡುವುದೆಂದು ತಿಳಿಯದೆ ಎಲ್ಲರ ಹಾಸಿಗೆ ಮಡಚಿದೆವು, ಬಿಚ್ಚಿದೆವು, ಮತ್ತೆ ಮಡಚಿದೆವು. ಆಮೇಲೆ ಮಾರುಕಟ್ಟೆಗೆ ಹೋದವರು ಅಲ್ಲಿನ ಬೆಂಚು ಬಿಟ್ಟು ಏಳಲೇ ಇಲ್ಲ. ಹೆಸರುಬೇಳೆಯನ್ನು ಬೀಸುಕಲ್ಲಿನಲ್ಲಿ ಅರೆದು ಎಣ್ಣೆಯಲ್ಲಿ ದಪ್ಪ ದೋಸೆ ಹುಯ್ಯುತ್ತಾರೆ. ಬೇರೆಯವರು ಮಾಡಿ, ಬೇರೆಯವರು ತೊಳೆಯುವ ತಿಂಡಿಯ ರುಚಿಯೇ ಬೇರೆ. ಅರಮನೆಯಲ್ಲಿ ನಾವಿಬ್ಬರೂ ಹಾನ್‌ಬೋಕ್ ತೊಟ್ಟು ಅಂಗಳದಿಂದ ಅಂಗಳಕ್ಕೆ ನಡೆದೆವು. ಇವರೂ ಪ್ರಕಾಶರೂ ಟೊಪ್ಪಿ ಹಾಕಿಕೊಂಡು ಮಂತ್ರಿಗಳ ಹಾಗೆ ಹಿಂದಿನಿಂದ ಬಂದರು. ಎಂಥ ಚೆಂದದ ದಿನ ಎಂದು ವಿನಯಾ ಹೇಳಿದಳು, ನಾನೂ ಹೌದೆಂದೆ.

ಬಾಗಿಲು ಮುಚ್ಚುವ ಹೊತ್ತಿಗೆ ಹೊರಗೆ ಬಂದಾಗ ನೋಡುತ್ತೇನೆ, ಅನ್ವಿತಾ ಜೀನ್ಸ್‌ನಲ್ಲೇ ಇದ್ದಾಳೆ. ಒಂದು ಕೈಯಲ್ಲಿ ನಮ್ಮೆಲ್ಲರ ಚೀಲ, ಇನ್ನೊಂದರಲ್ಲಿ ಫೋನು. ಬೆಳಗಿನಿಂದ ಯಾವುದರಲ್ಲಿ ದನದ ಮಾಂಸವಿಲ್ಲ ಎಂದು ಕೇಳಿ ಹೇಳಿದವಳು, ಬಸ್ಸು ಹುಡುಕಿದವಳು, ನಮ್ಮ ಪಟ ತೆಗೆದವಳು ಅವಳೇ. "ನೀನು ಹಾಕಲಿಲ್ವಾ ಮಗಾ?" ಎಂದೆ.

"ನಿಮ್ಮನ್ನೆಲ್ಲ ನೋಡಿಕೊಳ್ಳೋರು ಯಾರು ಅಮ್ಮಾ?" ಎಂದಳು. ಸಿಟ್ಟಿರಲಿಲ್ಲ, ಸುಸ್ತಿತ್ತು. ಬಂದವರಿಗೆ ಊಟ ಆಗಬೇಕಲ್ಲ ಎಂದು ಅವತ್ತು ಫೋನಿನಲ್ಲಿ ವಿನಯಾ ಹೇಳಿದ, ಎಷ್ಟೋ ಸಲ ನಾನೂ ಹೇಳಿದ ಮಾತಿನ ದನಿ ಅದು.

ಮರುದಿನ ಗಂಡಸರಿಬ್ಬರನ್ನೂ ಹಾನೊಕ್‌ನಲ್ಲೇ ಬಿಟ್ಟು, ನಾನೂ ವಿನಯಾಳೂ ಅವಳನ್ನು ಮತ್ತೆ ಅರಮನೆಗೆ ಕರೆದುಕೊಂಡು ಹೋದೆವು. ತಿಳಿಗುಲಾಬಿ ಹಾನ್‌ಬೋಕ್ ತೊಡಿಸಿ, ನೆರಿಗೆ ಸರಿಮಾಡಿ, ಚೀಲ ನಾನೇ ಹೊತ್ತೆ. ಫೋನನ್ನೂ ಕಸಿದುಕೊಂಡೆ. ಇಡೀ ದಿನ ನಾನೊಬ್ಬಳೇ ಪಟ ತೆಗೆದೆ. ದುಬೈಗೆ ಬಂದು ನೋಡಿದರೆ, ಕೆಲವು ಪಟಗಳಲ್ಲಿ ಅವಳ ಗಲ್ಲ ಇದೆ, ಕೆಲವುಗಳಲ್ಲಿ ಅರಮನೆಯ ಹೆಂಚಿನ ಮಾಡು ಇದೆ, ಎಲ್ಲದರಲ್ಲಿಯೂ ನನ್ನ ಹೆಬ್ಬೆರಳು ಇದೆ. ಅವಳು ಒಂದೊಂದನ್ನೇ ತಾಳ್ಮೆಯಿಂದ ನೋಡಿ, "ಪರವಾಗಿಲ್ಲಮ್ಮಾ, ನೀನೂ ಇದ್ದಿ ಅಂತ ಪ್ರೂಫ್ ಆಯ್ತಲ್ಲ" ಎಂದಳು.