ಮಿಕ್ಕ ಮೊಮ್ಮಗಳು

ಪಕ್ಕದ ಮನೆಯ ವಿಷಯಕ್ಕೆ ಮೂಗು ತೂರಿಸಬಾರದು ಎಂದು ನಾನು ವರ್ಷಕ್ಕೆ ನಾಲ್ಕು ಸಲವಾದರೂ ತೀರ್ಮಾನ ಮಾಡುತ್ತೇನೆ. ಆದರೆ ಆ ವಿಷಯವೇ ಬೇಲಿ ಹತ್ತಿ ನನ್ನ ಮೂಗಿನ ಹತ್ತಿರ ಬಂದರೆ ನಾನೇನು ಮಾಡಲಿ?

ಅಮೆರಿಕದ ಕಾರ್ಮೆಲ್ ವ್ಯಾಲಿಯಲ್ಲಿ ನಮ್ಮ ಪಕ್ಕದ ಮನೆಯವರು ಚೀನಾದವರು. ಹೋದ ವರ್ಷ ಆ ಮನೆಯಾಕೆಯ ಅಮ್ಮ ಆರು ತಿಂಗಳಿಗೆಂದು ಬಂದರು. ಅಜ್ಜಿಗೆ ಇಂಗ್ಲಿಷ್ ಬಾರದು, ನನಗೆ ಚೀನೀ ಬಾರದು. ಅಜ್ಜಿಯ ಫೋನಿಗೆ ಮಾತ್ರ ಎಲ್ಲ ಬರುತ್ತದೆ, ಕನ್ನಡವೂ. ಅವರು ಹೇಳಿದ್ದನ್ನು ಅದು ಪಠ್ಯಪುಸ್ತಕದ ಕನ್ನಡದಲ್ಲಿ ಒದರುತ್ತದೆ.

ಊಟ ಆಯಿತೇ?

ಮೊದಲ ದಿನವೇ ಫೋನು "ಊಟ ಆಯಿತೇ?" ಎಂದಿತು. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಆಯ್ತು, ನಿಮ್ಮದು ಎಂದೆ. ಅವರ ಕಡೆಯ ಹಿರಿಯರಿಗೂ ಇದು ನಮಸ್ಕಾರದ ಹಾಗೆ, ಆಯ್ತು ಎಂದರೆ ಮುಗಿಯಿತು. ಮನೆಯಿಂದಲೇ ಆಫೀಸಿನ ಕೆಲಸ ಮಾಡುವ ನಮ್ಮನೆಯವರು ಮಾತ್ರ ಒಂದು ಮಧ್ಯಾಹ್ನ ಮೂರು ಗಂಟೆಗೆ "ಇಲ್ಲ" ಎಂದು ನಿಜ ಹೇಳಿಬಿಟ್ಟರು. ಅಜ್ಜಿ ನನ್ನನ್ನು ಒಂದು ಥರ ನೋಡಿ, ಒಳಗೆ ಹೋಗಿ ತಟ್ಟೆ ತುಂಬ ಪುಟ್ಟ ಪುಟ್ಟ ಕಡುಬು ತಂದರು. ಅವತ್ತಿನಿಂದ ಇವರು ದಿನಾ ಮೂರು ಗಂಟೆಗೆ ಬೇಲಿಯ ಬಳಿ ಗಿಡಕ್ಕೆ ನೀರು ಹಾಕುತ್ತಾರೆ. ಆ ಕಡೆ ನಮ್ಮದು ಒಂದು ಗಿಡವೂ ಇಲ್ಲ.

ಮಿಕ್ಕಿದ್ದು

ಒಂದು ಸಂಜೆ ಅಜ್ಜಿ ಗಂಭೀರವಾಗಿ ಫೋನು ಚಾಚಿದರು. "ನಮ್ಮ ಮನೆಯಲ್ಲಿ ಒಂದು ಮಿಕ್ಕಿದೆ. ಮೂವತ್ತಮೂರು. ನಿಮ್ಮ ಕಡೆಯಲ್ಲಿ ಯಾರಿಗಾದರೂ ಬೇಕೆ?"

ಮೂವತ್ತಮೂರು ಕಡುಬು ಎಂದುಕೊಂಡೆ. "ಕೊಡಿ, ನಮ್ಮನೆಯವರಿಗೆ ಬಲು ಇಷ್ಟ. ಒಬ್ಬರೇ ಮುಗಿಸ್ತಾರೆ" ಎಂದೆ. ಫೋನು ಅದನ್ನು ಚೀನೀಗೆ ತಿರುಗಿಸಿದ್ದೇ ತಡ, ಅಜ್ಜಿ ಬಾಗಿಲು ಹಾಕಿಕೊಂಡರು.

ಶನಿವಾರ ಅವರ ಮೊಮ್ಮಗಳು ಬಂದಳು. ರೆಡೊಂಡೊ ಬೀಚ್ ಎಂಬ ಊರಿನಲ್ಲಿ ಉಪಗ್ರಹ ಕಟ್ಟುವ ಇಂಜಿನಿಯರ್. ನಗು ತಡೆಯಲಾರದೆ ವಿವರಿಸಿದಳು: ಮಿಕ್ಕಿದ್ದು ಅವಳೇ. ವಯಸ್ಸಾದರೂ ಮದುವೆಯಾಗದವಳನ್ನು ಅವರಲ್ಲಿ ಹಾಗೇ ಕರೆಯುತ್ತಾರಂತೆ. ನಿಮ್ಮಲ್ಲಿ ಏನಂತಾರೆ ಆಂಟಿ ಎಂದು ಕೇಳಿದಳು. ನಾವು ಹುಡುಗಿಗೆ ಏನೂ ಅನ್ನುವುದಿಲ್ಲ, ಸಿಕ್ಕಾಗಲೆಲ್ಲ ಅವಳ ಅಮ್ಮನನ್ನು "ಇನ್ನೂ ಯಾವುದೂ ಕೂಡಿ ಬಂದಿಲ್ವಾ?" ಎಂದು ಕೇಳ್ತೀವಿ ಎಂದೆ.

ಹೋಗುವಾಗ ಒಂದು ಗುಟ್ಟು ಹೇಳಿದಳು. ಅವಳಿಗೆ ಮದುವೆಯೇ ಬೇಡ. ಅಜ್ಜಿ ಊರಿಗೆ ಹೊರಡುವ ಮೊದಲು ಹೇಳಲೇಬೇಕು, ಆದರೆ ಅವರ ಎದೆ ಒಡೆಯುತ್ತದೆಂಬ ಭಯ. ನನಗೆ ಪಾಪ ಅನ್ನಿಸಿತು. ಯಾರ ಬಗ್ಗೆ ಎಂಬುದು ಮಾತ್ರ ಗೊತ್ತಾಗಲಿಲ್ಲ.

ಕೊಡೆ

ಅವರ ಊರಿನ ಪಾರ್ಕಿನಲ್ಲಿ ಅಪ್ಪ ಅಮ್ಮಂದಿರು ಮಕ್ಕಳ ವಿವರ ಬರೆದ ಚೀಟಿಯನ್ನು ಕೊಡೆಗೆ ಅಂಟಿಸಿಕೊಂಡು ಸಂಬಂಧ ಹುಡುಕುತ್ತಾರಂತೆ. ಅಜ್ಜಿ ಇಲ್ಲೂ ಹಾಗೇ ಪಾರ್ಕಿಗೆ ಹೊರಟರು, ನನ್ನನ್ನೂ ಎಳೆದುಕೊಂಡು. ಎತ್ತರ, ಓದು, ಕೆಲಸ ಎಲ್ಲ ಬರೆದು ಕೊನೆಗೆ "ಸ್ವಭಾವ: ಮೊಂಡು" ಎಂದು ನಿಜವನ್ನೂ ಸೇರಿಸಿದ್ದರು. ಎರಡು ಗಂಟೆ ಕೂತೆವು. ವಿಚಾರಿಸಿದವರು ಇಬ್ಬರೇ. ಇಬ್ಬರೂ ಕೇಳಿದ್ದು ಕೊಡೆ ಎಲ್ಲಿ ಕೊಂಡಿರಿ ಎಂದು.

ಬಿಸಿನೀರು

ಅಜ್ಜಿ ಹೊರಡುವ ಹಿಂದಿನ ಭಾನುವಾರ ನನ್ನನ್ನೂ ಊಟಕ್ಕೆ ಕರೆದಿದ್ದರು. ಮೊಮ್ಮಗಳು ಧೈರ್ಯ ಮಾಡಿ ಹೇಳಿಯೇಬಿಟ್ಟಳು. ಅವರು ಮಾತಾಡಿದ್ದು ಚೀನೀಯಲ್ಲೇ, ಆದರೆ ಮೇಜಿನ ಮೇಲಿದ್ದ ಫೋನಿಗೆ ಯಾರೂ ಸುಮ್ಮನಿರು ಎಂದಿರಲಿಲ್ಲ. ಅದು ಎಲ್ಲವನ್ನೂ ನನಗೆ ಕನ್ನಡದಲ್ಲಿ ಒಪ್ಪಿಸುತ್ತಿತ್ತು. ಎದ್ದು ಹೋಗಬೇಕೆಂದು ನನಗೂ ಅನ್ನಿಸಿತು. ಹೋಗಲಿಲ್ಲ.

"ಕಾಯಿಲೆ ಬಿದ್ದರೆ ನಿನಗೆ ಬಿಸಿನೀರು ಯಾರು ಕೊಡುವರು?"

"ಅಜ್ಜನಿಗೆ ನೀವು ಕೊಟ್ಟಿರಿ. ನಿಮಗೆ ಯಾರು ಕೊಟ್ಟರು?"

ಅಜ್ಜಿ ತಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಏನೋ ಅಂದರು. ಆಮೇಲೆ ಫೋನು ಹೇಳಿತು: "ಐವತ್ತು ವರ್ಷ. ಒಂದು ಲೋಟವೂ ಇಲ್ಲ."

ಹುಡುಗಿ ಎದ್ದು ನೀರು ಕಾಯಿಸಿ ತಂದು ಅಜ್ಜಿಯ ಕೈಗೆ ಕೊಟ್ಟಳು. ಅಜ್ಜಿ ಅದನ್ನು ಪೂರ್ತಿ ಕುಡಿದು, ಅವಳ ಕೆನ್ನೆ ಸವರಿ, ಮೂಲೆಯಲ್ಲಿದ್ದ ಕೊಡೆಯ ಚೀಟಿ ಕಿತ್ತುಹಾಕಿದರು. ನಾನು ಖಾಲಿ ಲೋಟ ತೆಗೆದಿಡಲು ಎದ್ದೆ. ಅಷ್ಟರಲ್ಲಿ ಅವರು ಫೋನನ್ನು ನನ್ನ ಕಡೆ ತಿರುಗಿಸಿದರು.

"ಹಾಗಾದರೆ ಮಿಕ್ಕಿರುವುದು ನಾನು. ಎಪ್ಪತ್ತಾರು. ನಿಮ್ಮ ಕಡೆಯಲ್ಲಿ ಯಾರಿಗಾದರೂ ಬೇಕೆ? ಬಿಸಿನೀರು ಕಾಯಿಸಲು ಬರಬೇಕು."

ಈ ಸಲ ನಾನು ನಮ್ಮನೆಯವರ ಸುದ್ದಿ ಎತ್ತಲಿಲ್ಲ. ಎತ್ತಿದ್ದರೂ ನಡೆಯುತ್ತಿರಲಿಲ್ಲ. ಅವರಿಗೆ ನೀರು ಕಾಯಿಸಲು ಬರುವುದಿಲ್ಲ.